ಮೊದಲ ಬಾಟಲಿಯ ಎಣ್ಣೆ

ಸಾಂಗ್ಲಿ, ಮೀರಜ್, ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆಯಾದ ಕಾಲ. ಕುಪವಾಡದ ನಮ್ಮ ತಲೆ ಎಣ್ಣೆಯ ಕಾರ್ಖಾನೆಯೂ ಆಗಲೇ ಪಕ್ಕದ ಸಾಬೂನು ಕಾರ್ಖಾನೆಯ ಜೊತೆ ಒಂದಾಯಿತು. ಒಂದಾದದ್ದು ಬೋರ್ಡು ಮಾತ್ರ. ಅವರ ಮೈಗೆ ಸೋಡಾ ವಾಸನೆ ಎಂದು ನಾವು, ನಮ್ಮದು ಜಿಡ್ಡು ತಲೆ ಎಂದು ಅವರು ಆಡಿಕೊಳ್ಳುತ್ತಿದ್ದೆವು. ಎರಡೂ ಕಡೆಯ ಸಾಮಾನು ಒಂದೇ ಕೋಣೆಗೆ ಬಂತು.

ನನ್ನ ಕೆಲಸ ಬಿ.ಎಚ್.ಟಿ. ತೂಗಿ ಹಾಕುವುದು. ಎಣ್ಣೆ ಬೇಗ ಕಮಟು ಹಿಡಿಯದಂತೆ ಕಾಯುವ ಬಿಳಿ ಹರಳು ಅದು. ಬಿಸಿ ಎಣ್ಣೆಯಲ್ಲಿ ಪೂರಾ ಕರಗುತ್ತದೆ. ಡಬ್ಬಿಗೆ ಚೀಟಿ ಅಂಟಿಸುವ ರೂಢಿ ನಮ್ಮಲ್ಲಿರಲಿಲ್ಲ. ಎರಡನೇ ಹಲಗೆ, ಕೆಂಪು ಮುಚ್ಚಳ ಎಂದರೆ ಮುಗಿಯಿತು. ಇನ್ನೊಂದು ರೂಢಿಯಿತ್ತು. ಪ್ರತಿ ಸಲ ಎಣ್ಣೆ ಬೆರೆಸುವ ಟಾಕಿಯಿಂದ ತೆಗೆದ ಮೊದಲ ಬಾಟಲಿ ಕೆಲಸದವರಿಗೆ. ಆದರೆ ತೂಗಿದವಳು ಮೊದಲು ತನ್ನ ತಲೆಗೆ ಹಚ್ಚಿಕೊಳ್ಳಬೇಕು.

ಆ ದಿನ ಬಾಟಲಿಯ ಸರದಿ ಮಾವಶಿಯದು. ಆರಗ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಹಿರಿಯರು, ಕಾರ್ಖಾನೆಗೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ. ಅವರ ಮನೆಯಲ್ಲಿ ಮಗಳ ಬಾಣಂತನ, ಎರಡು ತಿಂಗಳ ಕೂಸು.

“ನಿನ್ನ ತಲಿಗೆ ಹಚ್ಕೊಂಡೀಯಿಲ್ಲ?” ಎಂದು ಕೇಳಿದರು.

“ಹಚ್ಕೊಂಡೇನ್ರಿ ಮಾವಶಿ, ಒಯ್ಯಿರಿ.”

ಹಚ್ಚಿಕೊಂಡಿರಲಿಲ್ಲ. ಹೊಸ ಮ್ಯಾನೇಜರ್ ಅಲ್ಲೇ ನಿಂತಿದ್ದರು. ಅವರೆದುರು ಜಡೆ ಬಿಚ್ಚಲು ನಾಚಿಕೆಯಾಗಿ ಸುಳ್ಳು ಹೇಳಿದೆ.

ಮಾವಶಿ ಹೋದ ಮೇಲೆ ತೂಗುವ ಚಮಚ ತೊಳೆಯುತ್ತಿದ್ದೆ. ಬೆರಳು ಸಾಬೂನು ಹಚ್ಚಿದಂತೆ ಜಾರತೊಡಗಿದವು. ಎಷ್ಟು ನೀರು ಹಾಕಿದರೂ ಜಾರಿಕೆ ಹೋಗದು, ಮೇಲೆ ಉರಿ. ಸಾಮಾನಿನ ಕೋಣೆಗೆ ಓಡಿಹೋಗಿ ನೋಡಿದರೆ ನಮ್ಮ ಡಬ್ಬಿಯನ್ನು ಯಾರೋ ಕೆಳಗಿನ ಹಲಗೆಗೆ ಇಳಿಸಿದ್ದರು. ಅದರ ಜಾಗದಲ್ಲಿದ್ದ ಕೆಂಪು ಮುಚ್ಚಳದ ಡಬ್ಬಿ ಸಾಬೂನಿನವರ, ಚರ್ಮ ಸುಡುವ ಕಾಸ್ಟಿಕ್ ಸೋಡಾದ್ದು.

“ಟಾಕಿ ಬಂದ್ ಮಾಡ್ರಿ!” ಎಂದು ಕೂಗಿ, ರಿಕ್ಷಾ ಹಿಡಿದು ಮೀರಜ್ ಸ್ಟ್ಯಾಂಡಿಗೆ ಹೋದೆ. ಆರಗದ ಬಸ್ಸು ಕೈ ಮಾಡಿದಲ್ಲೆಲ್ಲ ನಿಂತಿತು. ಕೂಸಿನ ಮೆತ್ತನೆಯ ನೆತ್ತಿಯೇ ಕಣ್ಣ ಮುಂದೆ. ಅಷ್ಟು ಹೆದರಿಕೆ ನಾನು ಜನ್ಮದಲ್ಲಿ ಕಂಡಿಲ್ಲ.

ಹೋದಾಗ ಮಾವಶಿ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದರು. ಕಾಲ ಮೇಲೆ ಕೂಸು. ಕೈಯಲ್ಲಿ ಮುಚ್ಚಳ ತೆಗೆದ ಬಾಟಲಿ.

“ಹಚ್ಚಬ್ಯಾಡ್ರಿ ಮಾವಶಿ!”

ನನ್ನ ಕಿರುಚಾಟಕ್ಕೆ ಕೂಸು ಬೆಚ್ಚಿ ಅತ್ತಿತು. ಬಾಟಲಿ ಕಸಿದು ಬೆಳಕಿಗೆ ಹಿಡಿದೆ. ತಳದಲ್ಲಿ ಕರಗದ ಬಿಳಿ ಹರಳು ಕೂತಿದ್ದವು. ಅಳುತ್ತಲೇ ಎಲ್ಲ ಹೇಳಿದೆ. ಮಾವಶಿ ಬೈಯಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು, “ನೀ ಹಚ್ಕೊಂಡೇನಿ ಅಂದಿ. ಅದಕ್ಕ ನಾ ಬಾಟ್ಲಿ ನೋಡ್ಲೇ ಇಲ್ಲ” ಅಂದರು.

ಕಾರ್ಖಾನೆಯಲ್ಲಿ ಆ ಎಣ್ಣೆಯನ್ನೆಲ್ಲ ಚೆಲ್ಲಿದರು, ಡಬ್ಬಿಗಳಿಗೆ ಚೀಟಿ ಬಂತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಇಂದಿಗೂ ಎಳೆಗೂಸಿನ ತಲೆಗೆ ಯಾರಾದರೂ ಎಣ್ಣೆ ಹಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಮಾವಶಿ ಮುಂದೆಯೂ ತಮ್ಮ ಸರದಿಗೆ ಮೊದಲ ಬಾಟಲಿ ಒಯ್ದರು, ನನ್ನ ಜೊತೆ ನಕ್ಕು ಮಾತಾಡಿದರು. ಆದರೆ ಹಚ್ಚಿಕೊಂಡೆಯಾ ಎಂದು ಮತ್ತೆಂದೂ ಕೇಳಲಿಲ್ಲ. ನನ್ನೆದುರು ಬಂದು ನಿಂತು, ನಾನು ಜಡೆ ಬಿಚ್ಚುವುದನ್ನೇ ಕಾಯುತ್ತಿದ್ದರು.