ಲಾರಿಯ ಲಂಗೋಟಿಗೆ ಬಿದ್ದ ಪೆಟ್ಟು

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ನಾನೂ ಇಂಥದ್ದನ್ನು ನಂಬಿದವನಲ್ಲ. ನಮ್ಮ ಹೈಸ್ಕೂಲಿನಲ್ಲಿ ಓಡಾಡುತ್ತಿದ್ದ ದೆವ್ವಗಳಲ್ಲಿ ಮುಕ್ಕಾಲು ಪಾಲು ನಾನೇ ತಯಾರಿಸಿ ಬಿಟ್ಟವು. ಬೀದಿಗೆ ಟಿ.ವಿ. ಬಂದ ಮೇಲೂ ಹುಡುಗರು ಅದನ್ನು ಬಿಟ್ಟು ನನ್ನ ಕಥೆಗೆ ಬರುತ್ತಿದ್ದರು. ಈಗ ಪಿಯುಸಿಯಲ್ಲಿದ್ದೇನೆ. ಎರಡು ವರ್ಷದ ಹಿಂದಿನ ಆ ಸಂಜೆಯ ಮಾತೆತ್ತಿದರೆ, "ಇದು ಹೊಸ ಮಾಲೇನ್ಲಾ?" ಎಂದು ನಗುತ್ತಾರೆ.

ತುಮಕೂರಿನ ಶಿರಾ ಗೇಟಿನಲ್ಲಿ ನಮ್ಮ ಅಬ್ಬಾನ ವೆಲ್ಡಿಂಗ್ ಶಾಪ್. ಕಾರು ಹಿಂದಿನಿಂದ ನುಗ್ಗಿ ಲಾರಿಯ ಅಡಿ ಸಿಕ್ಕಿಕೊಂಡರೆ, ಕತ್ತರಿಸಿ ಬಿಡಿಸಲು ಅಬ್ಬಾನನ್ನು ಕರೆದೊಯ್ಯುತ್ತಿದ್ದರು. ಒಮ್ಮೆ ಕುಣಿಗಲ್ ಕಡೆ ಹಾಗೆ ಹೋಗಿ ಬಂದ ಅಬ್ಬಾ ಬಿರಿಯಾನಿಯನ್ನೂ ಮುಟ್ಟಲಿಲ್ಲ. ಅವರ ಪಾಲು ತಿಂದವನು ನಾನು, ನನಗೆ ಗೊತ್ತು. "ಬಾನೆಟ್ ಅಡಿಗೆ ತೂರಿಹೋಗಿತ್ತು. ಲಾರಿ ಹಲಗೆ ಒಳಗಿದ್ದೋರ ಮುಖಕ್ಕೇ ಬಡಿದಿತ್ತು" ಎಂದರು, ಅಷ್ಟೇ.

ಆಮೇಲೆ ರಿಪೇರಿಗೆ ಬಂದ ಲಾರಿಗಳಿಗೆಲ್ಲ ಹಿಂದುಗಡೆ, ಮೊಣಕಾಲೆತ್ತರಕ್ಕೆ, ದಪ್ಪ ಕಬ್ಬಿಣದ ಪೈಪೊಂದನ್ನು ಅಡ್ಡಲಾಗಿ ಬೆಸೆಯತೊಡಗಿದರು. ಕಾರು ಗುದ್ದಿದರೂ ಅಡಿಗೆ ನುಗ್ಗಬಾರದು. ಡ್ರೈವರುಗಳು ಅದನ್ನು 'ಲಾರಿಯ ಲಂಗೋಟಿ' ಎಂದು ಕರೆದರು. ಆ ಹೆಸರು ಹಬ್ಬಿಸಿದ್ದು ಯಾರೆಂದು ಅಬ್ಬಾಗೆ ಇಂದಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಹಾಗಲವಾಡಿಯ ಗಂಗಣ್ಣ ತೆಂಗಿನಕಾಯಿ ಲಾರಿಯ ಡ್ರೈವರು. ಆ ಸಂಜೆ ಅಬ್ಬಾ ನಮಾಜಿಗೆ ಹೋದದ್ದೇ ತಡ, ನನ್ನ ಬಳಿ ಬಂದ.

"ಸಾಬ್ರ ಮಗನೇ, ಈ ಪೈಪ್ ಕಟ್ ಮಾಡ್ಲಾ. ತೋಟದ ಹಾದೀಲಿ ದಿಬ್ಬ ಸಿಕ್ದಾಗೆಲ್ಲಾ ಕೆರೀತದೆ. ನಿನ್ ಕೈಲಾಯ್ತದೇನ್ಲಾ?"

"ಕಣ್ಮುಚ್ಕೊಂಡು ಮಾಡ್ತೀನಿ, ನೋಡ್ತಿರು."

ಲಾರಿ ಬೆಳಗಿನಿಂದ ಅಲ್ಲೇ ನಿಂತಿತ್ತು, ಹಿಂಭಾಗ ಗೋಡೆಯ ಹತ್ತಿರಕ್ಕೆ ಮಾಡಿಕೊಂಡು. ನಡುವೆ ಒಬ್ಬ ತೂರುವಷ್ಟೇ ಜಾಗ. ಮಧ್ಯಾಹ್ನ ಅದೇ ಪೈಪಿನ ಮೇಲೆ ಕೂತು ಕಡಲೆಕಾಯಿ ತಿಂದಿದ್ದೆ. ಆಗ ಅದು ನೆಟ್ಟಗಿತ್ತು.

ಈಗ ಕಬ್ಬಿಣ ಕತ್ತರಿಸುವ ಗ್ಯಾಸ್ ಟಾರ್ಚ್ ಹಿಡಿದು ತೂರಿದವನು ಹಾಗೇ ನಿಂತೆ. ಪೈಪು ನಟ್ಟನಡುವೆ ಒಳಕ್ಕೆ ಬಾಗಿತ್ತು. ಬಾಗಿದ ಕಡೆ ನೀಲಿ ಬಣ್ಣ ಉಜ್ಜಿಕೊಂಡಿತ್ತು, ಕಾರಿನ ಬಣ್ಣದಂತೆ ಮಿರಮಿರ. ಮುಟ್ಟಿದರೆ ಬೆಚ್ಚಗಿತ್ತು. ನಾನಿನ್ನೂ ಬೆಂಕಿ ಹಚ್ಚಿರಲಿಲ್ಲ.

ಗಂಗಣ್ಣ ಬಗ್ಗಿ ನೋಡಿದ. ನಗು ಹೋಯಿತು. "ನಾನು ಕ್ಯಾಬಿನ್ನಾಗೇ ಮಲ್ಗಿದ್ದೆ ಕಣ್ಲಾ. ಗಾಡಿ ಒಂಚೂರು ಅಲುಗಿದ್ರೂ ಎಚ್ರಾಗೋನು ನಾನು." ಹಿಂದೆ ಸರಿದು, "ಬುಡು, ಕಟ್ ಮಾಡ್ಬೇಡ" ಎಂದ.

ಅಷ್ಟರಲ್ಲಿ ಅಬ್ಬಾ ಒಳಗೆ ಬಂದರು. ಹುಟ್ಟಿದಾಗಿನಿಂದ ಮೊದಲ ಸಲ ನಾನು ಒಂದಕ್ಷರವನ್ನೂ ಸೇರಿಸದೆ ಹೇಳಿದೆ. ಅವರಿಗೆ ಅನುಮಾನ ಬಂದಿದ್ದೇ ಅದಕ್ಕಿರಬೇಕು.

"ಸುತ್ತಿಗೇಲಿ ಬಡಿದು, ಬಣ್ಣ ಬಳಿದು, ಈಗ ಕಥೆ ಕಟ್ತಿದೀಯಾ? ಜನ ಸತ್ತಿರೋ ವಿಷಯ ಕಣೋ. ತಮಾಷೆನಾ ನಿಂಗೆ?"

"ಹುಡ್ಗಂದೇನಿಲ್ಲ ಸಾಬ್ರೇ..."

"ನೀವು ಸುಮ್ನಿರಿ ಗಂಗಣ್ಣ. ಗಾಡಿ ಮುಂದಕ್ಕೆ ತೆಗೀರಿ." ನನ್ನ ಕೈಗೆ ದೊಡ್ಡ ಸುತ್ತಿಗೆ ಕೊಟ್ಟರು. "ಕಾಯಿಸ್ಬೇಡ. ಹೆಂಗ್ ಬಗ್ಗಿಸಿದ್ಯೋ ಹಂಗೇ ನೆಟ್ಟಗೆ ಮಾಡು."

ಬಡಿದೆ. ಕೈ ಭುಜದವರೆಗೆ ಜುಮ್ಮೆಂದಿತು, ಪೈಪು ಕದಲಲಿಲ್ಲ. ಮತ್ತೆ ಮತ್ತೆ ಬಡಿದೆ. ಅಳು ಬಂತು. ಸುತ್ತಿಗೆ ಕಿತ್ತುಕೊಂಡು ಅಬ್ಬಾ ತಾವೇ ಬೀಸಿದರು, ಬೆವರು ಇಳಿಯುವವರೆಗೆ. ಬಾಗು ಬಾಗಾಗಿಯೇ ಇತ್ತು.

ಆಗ ನಿಲ್ಲಿಸಿದರು. ನನ್ನ ಕಡ್ಡಿಯಂಥ ತೋಳುಗಳನ್ನು ನೋಡಿದರು, ಪೈಪನ್ನು ನೋಡಿದರು. ಗಂಗಣ್ಣನಿಗೆ, "ಇದು ಇವನು ಬಗ್ಗಿಸಿದ್ದಲ್ಲ. ಹೊರಡಿ, ಅದು ಹಂಗೇ ಇರ್ಲಿ" ಎಂದರು. ಲಾರಿ ಗೇಟು ದಾಟಿದ ಮೇಲೆ ಶಟರ್ ಎಳೆದು, ನನ್ನ ಹೆಗಲ ಮೇಲಿಟ್ಟ ಕೈಯನ್ನು ಮನೆಯವರೆಗೂ ತೆಗೆಯಲೇ ಇಲ್ಲ.