ಫಕ್ಕೀರವ್ವನ ಕೈಗುಣ

ಬೆಟಗೇರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಫಕ್ಕೀರವ್ವ ಆಯಾ ಆಗಿದ್ದಳು. ಗಂಡ ಸತ್ತ ಮೇಲೆ ಬಿಂಕದಕಟ್ಟಿಯಿಂದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ಅಲ್ಲೇ ನಿಂತಳು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಬಾಣಂತಿಯರ ಬಟ್ಟೆ ಒಗೆಯುತ್ತಿದ್ದಳು. ಮುಂಬಯಿ ಸರಕಾರ ಹೋಗಿ ಮೈಸೂರು ರಾಜ್ಯ ಬಂದಾಗ ಕೂಸುಗಳಿಗೆ ಹಾಲು ಕುಡಿಸುತ್ತಿದ್ದಳು. ಅವಳಿಗೆ ಸಿಕ್ಕ ಬಡ್ತಿ ಅಷ್ಟೇ.

ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅಲ್ಲಿ ಬೇರೆ ಕೋಣೆ ಇತ್ತು. ಅರಳೆಯಲ್ಲಿ ಸುತ್ತಿ, ಮಗ್ಗುಲಿಗೆ ಬಿಸಿನೀರಿನ ಬಾಟಲಿ ಇಟ್ಟು ಸಾಲಾಗಿ ಮಲಗಿಸುತ್ತಿದ್ದರು. ಮೊಲೆ ಚೀಪುವ ಕಸುವು ಅವಕ್ಕಿರಲಿಲ್ಲ. ತಾಯಿ ಹಿಂಡಿಕೊಟ್ಟ ಹಾಲನ್ನು ಒಳಲೆಯ ಮೂತಿಯಿಂದ ಹನಿಹನಿಯಾಗಿ ಬಾಯಿಗೆ ಬಿಡಬೇಕು. ಅವಸರ ಮಾಡಿದರೆ ನೆತ್ತಿಗೇರುತ್ತದೆ. ಫಕ್ಕೀರವ್ವನ ಕೈಯಲ್ಲಿ ಏರುತ್ತಿರಲಿಲ್ಲ. ಶಿರಹಟ್ಟಿ ಕಡೆಯ ಅಂಗೈಯಷ್ಟು ಕೂಸೊಂದು ಅವಳ ಕೈಯಲ್ಲಿ ಕುಡಿದು, ಬದುಕಿ, ಮನೆಗೆ ಹೋಯಿತು. ಅಂದಿನಿಂದ ಅವಳ ಕೈಗುಣ ಮಂದಿಯ ಬಾಯಿಗೆ ಬಿತ್ತು. ಮುಂಡರಗಿ, ಲಕ್ಷ್ಮೇಶ್ವರದಿಂದ ಬಂದವರೂ ಅವಳೇ ಬೇಕೆಂದರು.

ಮುಳಗುಂದದ ಅಮೃತವ್ವನ ಮೊಮ್ಮಗ ಆ ಕೋಣೆಯಲ್ಲಿದ್ದ. ನರ್ಸ್ ಒಳಲೆ ಹಿಡಿದು ಬಂದಾಗ ಅಮೃತವ್ವ ಬಾಗಿಲಲ್ಲೇ ತಡೆದಳು.

“ನೀವು ಬ್ಯಾಡ್ರಿ ಬಾಯಾರ. ಫಕ್ಕೀರವ್ವ ಕುಡಸಲಿ.”

“ನನ್ನ ಕೈಗೇನು ಮುಳ್ಳದಾವೇನು?”

“ನಿಮ್ಮ ಕೈನೂ ಛಲೋ ಐತ್ರಿ. ಸೂಜಿ ಚುಚ್ಚಾಕ.”

ಫಕ್ಕೀರವ್ವನಿಗೆ ನಗು ಬಂತು, ಹಿಗ್ಗೂ ಆಯಿತು. ಒಂದು ಕೂಸಿಗೆ ಕುಡಿಸಿ, ಸೆರಗಿಗೆ ಕೈ ಒರೆಸಿ, ಒಳಲೆಯನ್ನು ತಂಬಿಗೆಯ ನೀರಲ್ಲಿ ಅದ್ದಿ, ಇನ್ನೊಂದು ಕೂಸಿಗೆ ಹೋದಳು. ಎಲ್ಲರೂ ಹಾಗೇ ಮಾಡುತ್ತಿದ್ದರು.

ಮಗಳು ಮಂಜವ್ವನನ್ನು ಹೊಂಬಳಕ್ಕೆ ಕೊಟ್ಟಿದ್ದಳು. ಚೊಚ್ಚಲ ಬಾಣಂತನ ತವರಿನದು. ಬಿಂಕದಕಟ್ಟಿಯ ಸೋದರಮಾವನ ಮನೆಯಲ್ಲೇ ಆಗಲಿ ಎಂದು ಮಂಜವ್ವ ಹಟ ಹಿಡಿದಳು.

“ಊರ ಕೂಸೆಲ್ಲಾ ನಾ ನೋಡ್ತೀನಿ. ನನ್ನ ಮೊಮ್ಮಗಾನ್ನ ಮಂದಿ ಕೈಯಾಗ ಕೊಡ್ಲೇನು? ಸುಮ್ನ ಬಾ” ಎಂದು ಫಕ್ಕೀರವ್ವ ಬೈದು ಕರೆತಂದಳು.

ಎಂಟು ತಿಂಗಳಿಗೇ ಹೆಣ್ಣು ಹುಟ್ಟಿತು. ಅದೇ ಕೋಣೆ, ಅದೇ ಸಾಲು. ಚೆನ್ನಾಗಿ ಕುಡಿಯುತ್ತಿತ್ತು. ಕಣ್ಣು ಬಿಟ್ಟು ನೋಡುತ್ತಿತ್ತು. ಅಷ್ಟರಲ್ಲಿ ಅಮೃತವ್ವನ ಮೊಮ್ಮಗನಿಗೆ ಹಸಿರು ಭೇದಿ ಶುರುವಾಯಿತು. ಆಮೇಲೆ ಅದರ ಪಕ್ಕದ ಕೂಸಿಗೆ. ಎರಡೂ ಹೋದವು.

ಫಕ್ಕೀರವ್ವ ಡಾಕ್ಟರಬಾಯಿಯ ಮುಂದೆ ನಿಂತಳು.

“ನಮ್ಮ ಕೂಸನ್ನ ಹೊರಗ ಒಯ್ತೀನ್ರಿ.”

“ಒಯ್ದ್ರ ಥಂಡಿಗೆ ಹೋಗ್ತೈತಿ, ಫಕ್ಕೀರವ್ವ.”

“ಇಲ್ಲೇ ಇಟ್ರ ಉಳೀತೈತೇನ್ರಿ?”

ಡಾಕ್ಟರಬಾಯಿ ಎದ್ದು ಕೈ ತೊಳೆಯತೊಡಗಿದರು.

“ಇದು ಯಾತರಿಂದ ಬರತೈತ್ರಿ?”

“ನೀರಿರಬೋದು. ಒಳಲಿ ಇರಬೋದು. ನಮ್ಮ ಕೈ ಇರಬೋದು. ನಿನ್ನವು, ನನ್ನವು.”

ಅಂದಿನಿಂದ ಎಲ್ಲವನ್ನೂ ಕುದಿಸಿದರು. ಕೂಸಿಗೊಂದು ಒಳಲೆ ಮಾಡಿದರು. ಫಕ್ಕೀರವ್ವ ಬೆರಳ ಸಂದಿ ಸುಲಿಯುವ ಹಾಗೆ ಸಾಬೂನು ತಿಕ್ಕಿದಳು. ಬಾಣಂತಿಯರು ಕರೆದರೆ ಹೋಗಲಿಲ್ಲ.

“ಏನರ ಕೊಡಲಿಲ್ಲಂತ ಸಿಟ್ಟೇನವಾ?” ಎಂದು ಒಬ್ಬಳು ದುಡ್ಡು ಕಟ್ಟಿದ್ದ ಸೆರಗಿನ ಗಂಟು ಬಿಚ್ಚತೊಡಗಿದಳು.

“ನನ್ನ ಕರೀಬ್ಯಾಡ್ರಿ” ಎಂದಳು. ಮತ್ತೆ ಕೈ ತೊಳೆಯಲು ಹೋದಳು.

ಮೊಮ್ಮಗಳಿಗೂ ಭೇದಿ ಬಂತು. ಮೊದಲು ಅಳುವುದು ನಿಂತಿತು. ಆಮೇಲೆ ನುಂಗುವುದು ನಿಂತಿತು. ಬಟ್ಟೆಯಲ್ಲಿ ಸುತ್ತಿ ತಂದು ತಾಯಿಯ ತೊಡೆಯ ಮೇಲೆ ಇಟ್ಟಾಗ ಮಂಜವ್ವ ಕೇಳಿದ್ದು ಒಂದೇ ಮಾತು.

“ದಿನಾ ನೀನಽ ಕುಡಸತಿದ್ದಿ?”

“ಹೌದು.”

ಮಂಜವ್ವ ಗಂಡನ ಜೊತೆ ಹೊಂಬಳಕ್ಕೆ ಹೋದಳು. ಮತ್ತೆ ತವರಿಗೆ ಬರಲಿಲ್ಲ. ಫಕ್ಕೀರವ್ವ ಮರುದಿನ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡಬೇಕು.

ಮುಂದಿನ ವರ್ಷ ಅಳಿಯ ಕೊಟ್ರಪ್ಪ ಆಸ್ಪತ್ರೆಯ ಗೇಟಿಗೆ ಬಂದ.

“ಅಕಿಗೆ ಬ್ಯಾನಿ ಶುರು ಆಗ್ಯಾವ್ರಿ ಅತ್ತಿ. ಈ ಸಲಾನೂ ದಿನ ತುಂಬಿಲ್ಲ. ಇಲ್ಲಿಗೆ ಬರಾಂಗಿಲ್ಲ ಅಂತಾಳ. ನೀವರ ಹೇಳಿ ಕರಕೊಂಡ ಬರ್ರಿ.”

ಆಸ್ಪತ್ರೆಯಲ್ಲಿ ಸಾವು ಕಡಿಮೆಯಾಗಿತ್ತು. ನಿಂತಿರಲಿಲ್ಲ. ಬಾ ಎಂದು ಹೇಗೆ ಹೇಳಬೇಕು, ಬೇಡವೆಂದು ಹೇಗೆ ಹೇಳಬೇಕು? ದಾರಿಯುದ್ದಕ್ಕೂ ಅವಳಿಗೆ ಹೊಳೆಯಲಿಲ್ಲ. ಹೊಂಬಳ ಮುಟ್ಟುವಷ್ಟರಲ್ಲಿ ಹೇಳುವ ಕೆಲಸವೂ ಉಳಿದಿರಲಿಲ್ಲ. ಒಳಗೆ ಕೂಸು ಸಣ್ಣಗೆ ಅಳುತ್ತಿತ್ತು.

ಬೀಗತಿ ಹನಮವ್ವ ಹೊರಗೆ ಬಂದಳು. “ಗಂಡೈತಿ. ಭಾಳ ಸಣ್ಣದು. ಮಲಿ ಹಿಡೀವಲ್ದು. ನೀ ಬಾ ಒಳಗ.”

“ಬ್ಯಾಡ. ಅಕಿ ಮುಟ್ಟೂದು ಬ್ಯಾಡ” ಎಂದಳು ಒಳಗಿನಿಂದ ಮಂಜವ್ವ. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಬರೀ ಅಂಜಿಕೆ.

ಫಕ್ಕೀರವ್ವ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕುಳಿತಳು.

“ಒಳಲಿ ಕುದಿಸೀರೇನು?”

“ಕುದಿಸೇವಿ” ಎನ್ನುತ್ತ ಹನಮವ್ವ ಒಳಗೆ ಹೋದಳು.

“ಕೈ ಸಾಬಾಣ ಹಚ್ಚಿ ತೊಳಕೊ. ಕೂಸಿನ ತಲಿ ಸ್ವಲ್ಪ ಮ್ಯಾಲ ಹಿಡಿ. ತುಟಿಗೆ ಒಂದ ಹನಿ ಬಿಡು. ನುಂಗೂತನಕ ಇನ್ನೊಂದು ಬಿಡಬ್ಯಾಡ.”

ಫಕ್ಕೀರವ್ವ ಬಾಗಿಲ ಕಡೆ ಕಿವಿ ಕೊಟ್ಟಳು.

“ನುಂಗಿತೇನು?”

“ತಿಳೀವಲ್ದವಾ. ನುಂಗಿದಂಗ ಕಾಣತೈತಿ. ಇನ್ನೊಂದು ಬಿಡ್ಲೇನು?”

ಕೂಸಿನ ಗಂಟಲು ಕಂಡಿದ್ದರೆ ಫಕ್ಕೀರವ್ವ ಹೇಳುತ್ತಿದ್ದಳು. ಬಾಗಿಲಿಗೆ ಸೀರೆ ಅಡ್ಡ ಕಟ್ಟಿತ್ತು.