ಹನ್ನೂರಿನ ಕಾಕಾನ ಹಿಡಿದ ಭುಜ

ಗೆಳೆಯರೇ, ಬೆಳಿಗ್ಗೆ ತೆರೆದ ನನ್ನ ಬಾಯಿ ಇನ್ನೂ ಮುಚ್ಚಿಲ್ಲ.

ಹನ್ನೂರಿನ ಕಾಕಾ ಒಬ್ಬರಿಗೆ ಎಡಭುಜ ಹಿಡಿದುಕೊಂಡಿದೆ. ಎರಡು ತಿಂಗಳ ಹಿಂದೆ ಸೋಲಾಪುರದ ನನ್ನ ಫಿಜಿಯೊಥೆರಪಿ ಕ್ಲಿನಿಕ್ಕಿಗೆ ಬಂದಾಗ, ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಎತ್ತುವ ವ್ಯಾಯಾಮ ಹೇಳಿಕೊಟ್ಟಿದ್ದೆ. ಇಂದು ಮತ್ತೆ ಬಂದರು. ಕೈ ಕಿವಿಯವರೆಗೂ ಏಳಲಿಲ್ಲ.

“ವ್ಯಾಯಾಮ ಮಾಡೀರೇನ್ರಿ ಕಾಕಾ?”

“ದಿನಾ ಮೂರ್ ಸಲ ಆಗ್ಯದರಿ ಮ್ಯಾಡಮ್. ಒಂದ್ ದಿನಾನೂ ತಪ್ಪಿಲ್ಲ, ಖಾಡಾ ಇಲ್ಲ.”

“ಹಂಗಾರ ಮಾಡಿ ತೋರಸ್ರಿ.”

ಕಾಕಾ ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. “ಏ, ಒಳಗ ಬಾ. ಮ್ಯಾಡಮ್ಮಗ ಮಾಡಿ ತೋರಸು.”

ಹೆಂಡತಿ, ನಮ್ಮ ಕಾಕು, ಬಂದು, ಸೆರಗು ಸಿಕ್ಕಿಸಿ, ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯನ್ನು ನೆತ್ತಿಯ ಮೇಲಕ್ಕೆ ಸರಾಗವಾಗಿ ಒಯ್ದರು.

ನಾನು ಕಾಕಾನ ಕಡೆ ತಿರುಗಿದೆ. ಕಾಕಾನೇ ವಿವರಿಸಿದರು: “ನಾ ಬೀರಪ್ಪಗ ಬೇಡ್ಕೊಂಡ, ಗುಡಿತನಕ ಅಡ್ಡಬಿದ್ದು ಏಳೋ ದೀಡ ನಮಸ್ಕಾರನೂ ಆಕಿನೇ ಹಾಕ್ತಾಳ್ರಿ. ದೇವರು ಒಪ್ಕೊಂತಾನ, ನೀವ್ ಒಪ್ಪಂಗಿಲ್ಲೇನ್ರಿ?”

“ಕಾಕು, ನಿಮಗ ತ್ರಾಸ ಆಗಲಿಲ್ಲೇನ್ರಿ?”

“ಎಲ್ಲೀ ತ್ರಾಸರಿ? ಹೋದ ಸುಗ್ಗಿಯಿಂದ ನನ್ನ ಭುಜಾನೂ ಹಿಡದಿತ್ತು. ಈಗ ಪೂರಾ ಬಿಟ್ಟದ.”

ಕಾಕಾ ಬೆಚ್ಚಿ ಹೆಂಡತಿಯ ಕಡೆ ನೋಡಿದರು. “ನಿನ್ನ ಭುಜಾ? ಯಾವಾಗ ನೋಯ್ತಿತ್ತು?”

ಕೇಸ್ ಪೇಪರಿನಲ್ಲಿ ‘ಪೂರ್ಣ ಗುಣ’ ಎಂದು ಬರೆದೆ. ಮೇಲಿದ್ದ ಕಾಕಾನ ಹೆಸರನ್ನಷ್ಟೇ ಹೊಡೆದು ಹಾಕಬೇಕಾಯಿತು.